ದಫ್ತರ ಕಾಯುವವರ ಸಮ್ಮೇಳನ



1915ರಲ್ಲಿ ಮಸ್ಕಿಯಲ್ಲಿ ಒಂದು ಬಂಡೆ ಶಾಸನ ಬೆಳಕಿಗೆ ಬಂತು. ಅದನ್ನು ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಅದುವರೆಗೆ ಓದಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವು, ಅಶೋಕನೆಂಬ ಹೆಸರಿರಲಿಲ್ಲ. ಮಸ್ಕಿಯ ಬಂಡೆ ಆ ಹೆಸರನ್ನೇ ಹೇಳಿತು. ವಿದ್ವಾಂಸರ ಊಹೆಗೆ ಗಟ್ಟಿ ಪುರಾವೆ ದೊರೆಯಿತು. ದಾಖಲೆಯಲ್ಲಿ ಒಂದು ಹೆಸರು ಉಳಿದರೆ ಎಷ್ಟು ಕೆಲಸವಾಗುತ್ತದೆ ನೋಡಿ.

ಬಂಡೆಗೆ ಗೆದ್ದಲು ಹಿಡಿಯುವುದಿಲ್ಲ. ಕಾಗದದ ಮಾತು ಹಾಗಲ್ಲ. ಕಾಗದವನ್ನು ಕಾಯಲು ಮನುಷ್ಯ ಬೇಕು, ಅವನಿಗೆ ತಿಳಿವಳಿಕೆಯೂ ಬೇಕು. ಆ ತಿಳಿವಳಿಕೆಯನ್ನು ಹಂಚಿಕೊಳ್ಳಲೆಂದೇ ದಾಖಲೆ ನಿರ್ವಾಹಕರ ಸಮ್ಮೇಳನಗಳು ನಡೆಯುತ್ತವೆ. ನಮ್ಮ ದೇಶದಲ್ಲಿ ಇದು ಹೊಸತಲ್ಲ. ಭಾರತೀಯ ಐತಿಹಾಸಿಕ ದಾಖಲೆಗಳ ಆಯೋಗ 1919ರಲ್ಲೇ ಸ್ಥಾಪನೆಯಾಯಿತು. 1942ರಲ್ಲಿ ಅದರ ಅಧಿವೇಶನ ಮೈಸೂರಿನಲ್ಲಿ ಸೇರಿತ್ತು. ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿ 1948ರ ಜೂನ್ 9ರಂದು ಹುಟ್ಟಿತು. ಅದೇ ದಿನವನ್ನು ಇಂದು ಪತ್ರಾಗಾರ ದಿನವಾಗಿ ಆಚರಿಸುತ್ತಾರೆ.

ಇಂಥ ಸಮ್ಮೇಳನಕ್ಕೆ ಸಾಮಾನ್ಯವಾಗಿ ಯಾರು ಹೋಗುತ್ತಾರೆ? ಮೇಲಧಿಕಾರಿಗಳು. ಕೈಚೀಲ, ಊಟ, ಗುಂಪಿನ ಫೋಟೊ ಆಗುತ್ತದೆ. ರುಮಾಲು ಬಿಚ್ಚಿ ಕಡತ ಹುಡುಕುವ ಗುಮಾಸ್ತರು ಮಾತ್ರ ಊರಿನಲ್ಲೇ ಉಳಿಯುತ್ತಾರೆ. ನನ್ನ ಮಾತು ಇಷ್ಟೇ: ಅವರನ್ನು ಕಳುಹಿಸಿ. ಬರಿಗೈಯಲ್ಲಿ ಬೇಡ, ಪ್ರಶ್ನೆಗಳೊಡನೆ ಕಳುಹಿಸಿ.

ಲಿಂಗಸುಗೂರು, ಸಿಂಧನೂರು, ಮಸ್ಕಿಗಳಿಂದ ಹೋಗುವವರ ಬಳಿ ಪ್ರಶ್ನೆಗಳಿಗೇನು ಕೊರತೆ? ಮೊದಲನೆಯದು, ಗಡಿಯ ಪ್ರಶ್ನೆ. ನಿಜಾಮರ ಕಾಲದಲ್ಲಿ ಲಿಂಗಸುಗೂರು ಒಂದು ಜಿಲ್ಲೆಯಾಗಿತ್ತು. 1905ರಲ್ಲಿ ಆ ಜಿಲ್ಲೆ ರದ್ದಾಯಿತು. 1956ರ ನವೆಂಬರ್ 1ರಂದು ಈ ಪ್ರದೇಶ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. 2017ರ ಬಜೆಟ್‌ನಲ್ಲಿ ಸಾರಿದ ಹೊಸ ತಾಲ್ಲೂಕುಗಳಲ್ಲಿ ಮಸ್ಕಿಯೂ ಒಂದು. ಆಡಳಿತದ ಗಡಿ ಒಂದು ಆದೇಶದಿಂದ ಬದಲಾಗುತ್ತದೆ. ಆದರೆ ಹಳ್ಳಿಯ ಹಳೆಯ ಪಹಣಿ, ಟಿಪ್ಪಣಿಗಳು ತಾವಾಗಿ ನಡೆದು ಬರುವುದಿಲ್ಲ. ಯಾವ ಕಡತ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಸಾಗಣೆಯ ಪಟ್ಟಿ ಇರದಿದ್ದರೆ, ರೈತ ಎರಡು ಕಚೇರಿಗಳ ನಡುವೆ ಬಸ್ಸು ಹತ್ತಿ ಇಳಿಯಬೇಕಾಗುತ್ತದೆ.

ಎರಡನೆಯದು, ಲಿಪಿಯ ಪ್ರಶ್ನೆ. ನಿಜಾಮರ ಕಾಲದ ಕಂದಾಯ ಕಾಗದಗಳು ಉರ್ದುವಿನಲ್ಲಿವೆ. ಅವುಗಳನ್ನು ಸಲೀಸಾಗಿ ಓದುವ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಅವರಿರುವಾಗಲೇ ಪ್ರತಿ ಕಡತಕ್ಕೂ ಊರು, ಸರ್ವೆ ನಂಬರು, ವರ್ಷ ಬರೆದ ಕನ್ನಡ ಚೀಟಿಯೊಂದನ್ನು ಸೇರಿಸಿದರೂ ಸಾಕು, ಅರ್ಧ ಗೆದ್ದಂತೆ.

ಮೂರನೆಯದು, ಕಾಗದದ ಆರೋಗ್ಯ. ಗುಂಡುಸೂಜಿ ತುಕ್ಕು ಹಿಡಿದು ಹಾಳೆಯನ್ನು ತಿನ್ನುತ್ತದೆ. ಹರಿದ ಹಾಳೆಗೆ ಅಂಟು ಟೇಪು ಹಚ್ಚಿದರೆ, ಪ್ಲಾಸ್ಟಿಕ್ ಹೊದಿಸಿದರೆ ಮುಂದೆ ಅದನ್ನು ಬಿಡಿಸುವುದೇ ಕಷ್ಟ. ತೆಳು ಟಿಶ್ಯೂ ಕಾಗದದಿಂದ ದುರಸ್ತಿ ಮಾಡುವ ಕ್ರಮವನ್ನು ಬಲ್ಲವರ ಕೈಯಿಂದಲೇ ಕಲಿಯಬೇಕು. ಸುತ್ತೋಲೆ ಓದಿ ಇದು ಬರುವುದಿಲ್ಲ.

‘ಈಗ ಕಂಪ್ಯೂಟರ್ ಇದೆಯಲ್ಲ’ ಎಂದು ಕೆಲವರು ಕೇಳಬಹುದು. ಭೂಮಿ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದದ್ದು ದೊಡ್ಡ ಅನುಕೂಲವೇ ಸರಿ. ಆದರೆ ತಕರಾರು ಬಂದಾಗ ಹುಡುಕುವುದು ಮೂಲ ಕಾಗದವನ್ನು. ಹಾಳೆ ತಪ್ಪಿದ ಕಡತವನ್ನು ಸ್ಕ್ಯಾನ್ ಮಾಡಿದರೆ ತಪ್ಪೇ ಶಾಶ್ವತವಾಗುತ್ತದೆ. ಮೊದಲು ಜೋಡಣೆ, ಆಮೇಲೆ ಯಂತ್ರ. ಕಡತಗಳಿಗೆ ಪಟ್ಟಿ, ಸೂಚಿ ಇರಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯೂ ಹೇಳುತ್ತದೆ.

ಇದು ಕಚೇರಿಯ ಒಳಗಿನ ವಿಷಯವೆಂದು ತಿಳಿಯಬೇಡಿ. ಸಂವಿಧಾನದ 371ಜೆ ವಿಧಿಯ ಮೀಸಲಾತಿ ಪಡೆಯಬೇಕಾದರೆ ತಾನು ಈ ಭಾಗದವನೆಂದು ಹುಡುಗ ತೋರಿಸಬೇಕು. ಆಗ ಹಳ್ಳಿ ಶಾಲೆಯ ದಾಖಲಾತಿ ವಹಿಯ ಒಂದು ಸಾಲು ಅವನ ನೌಕರಿಯನ್ನೇ ನಿರ್ಧರಿಸಬಹುದು. ಆ ಪುಟವನ್ನು ಗೆದ್ದಲು ತಿಂದಿದ್ದರೆ ಅವನು ಯಾರ ಬಳಿ ಹೋಗಬೇಕು?

ಸಮ್ಮೇಳನದಿಂದ ಮರಳಿದವರು ಒಂದು ಸಂಜೆ ಕಚೇರಿಯ ಎಲ್ಲರನ್ನೂ, ಜವಾನರನ್ನೂ, ಕೂಡಿಸಿಕೊಂಡು ಕಲಿತದ್ದನ್ನು ಹೇಳಲಿ. ಮರುದಿನ ಒಂದು ಕಪಾಟನ್ನಾದರೂ ಸರಿಪಡಿಸಲಿ. ಹೋಗಿಬಂದ ಖರ್ಚು ಅಲ್ಲಿಗೆ ಸಾರ್ಥಕ. ಮಸ್ಕಿಯ ಬಂಡೆ ಒಬ್ಬ ಚಕ್ರವರ್ತಿಯ ಹೆಸರನ್ನು ಎರಡು ಸಾವಿರ ವರ್ಷ ಮೀರಿ ಕಾಪಾಡಿತು. ಬಡವನ ಹೆಸರನ್ನು ಅವನ ಮೊಮ್ಮಕ್ಕಳ ಕಾಲದವರೆಗಾದರೂ ಕಾಪಾಡುವುದು ನಮ್ಮ ದಫ್ತರಗಳ ಹೊಣೆ.