ಚಿನ್ನದ ಬಣ್ಣದ ಕ್ಯಾಲಿಪರ್‌ಗೆ ಮೂರು ಸಾವಿರ ಡಾಲರ್ ಕೊಡಬೇಕಾ?

ಹೋದ ಸಂಚಿಕೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಸಾಲದ ಬಗ್ಗೆ ಮಾತಾಡಿದ್ವಿ. ಇವತ್ತು ಸಾಲ ಇಲ್ಲ, ಬಡ್ಡಿ ಇಲ್ಲ. ಇವತ್ತು ಬ್ರೇಕ್.

ವಿಷಯ ಶುರುವಾಗಿದ್ದು ಹೀಗೆ. ಎರಡು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ದೊಡ್ಡಪ್ಪನ ಮಗ ಫೋನ್ ಮಾಡಿದ. ಅವನು ಇರೋದು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ. ಕಾಲೇಜಿನಲ್ಲಿ ಇದ್ದಾಗಿಂದ ಅವನ ಲ್ಯಾಪ್‌ಟಾಪ್ ವಾಲ್‌ಪೇಪರ್ ಒಂದೇ: ನಿಸ್ಸಾನ್ 350ಜೆಡ್. ಎರಡು ಸೀಟು, ಆರು ಸಿಲಿಂಡರ್, ಹಿಂದಿನ ಚಕ್ರಕ್ಕೆ ಪವರ್. ಈಗ ಮೂವತ್ತೈದು ದಾಟಿದ ಮೇಲೆ ಅಂತೂ ಕೊಳ್ಳೋಕೆ ಹೊರಟಿದ್ದ. ಎರಡು ಹಳೇ ಕಾರು ನೋಡಿ ಇಟ್ಟಿದ್ದ. ಒಂದು 2004ರ ‘ಟ್ರ್ಯಾಕ್’ ಮಾಡೆಲ್, ಕಂಪನಿಯಿಂದಲೇ ಬ್ರೆಂಬೊ ಬ್ರೇಕ್ ಹಾಕಿ ಬಂದದ್ದು. ಇನ್ನೊಂದು 2007ರದ್ದು, ಸಾದಾ ಬ್ರೇಕಿನದ್ದು. ಬ್ರೆಂಬೊ ಇರೋ ಕಾರಿಗೆ ಮೂರು ಸಾವಿರ ಡಾಲರ್ ಜಾಸ್ತಿ ಕೇಳ್ತಾ ಇದ್ದರು.

“ಬಿಕಾಂ ಮಾಡಿದ್ದೀಯಲ್ಲ, ಲೆಕ್ಕ ಹಾಕಿ ಹೇಳು” ಅಂದ.

ನಾನು ಲೆಕ್ಕ ಹಾಕಿದೆ. ಹಾಕ್ತಾ ಹಾಕ್ತಾ ಗೊತ್ತಾಗಿದ್ದನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲು ಸರಕು ಏನು ಅಂತ ನೋಡೋಣ. 2003ರ ಮಾಡೆಲ್ ಆಗಿ 350ಜೆಡ್ ಅಮೆರಿಕದ ಮಾರುಕಟ್ಟೆಗೆ ಬಂದಾಗ ಸಾದಾ ಮಾಡೆಲ್ ಸುಮಾರು 26 ಸಾವಿರ ಡಾಲರ್, ಟ್ರ್ಯಾಕ್ ಮಾಡೆಲ್ ಸುಮಾರು 34 ಸಾವಿರ. ಸಾದಾ ಕಾರಿನ ಮುಂದಿನ ಡಿಸ್ಕ್ 296 ಮಿಲಿಮೀಟರ್, ಹಿಂದಿನದು 292. ಟ್ರ್ಯಾಕ್‌ನಲ್ಲಿ ಮುಂದೆ 324, ಹಿಂದೆ 322. ಕ್ಯಾಲಿಪರ್‌ಗಳು ಇಟಲಿಯ ಬೆರ್ಗಮೊ ಊರಿನ ಬ್ರೆಂಬೊ ಕಂಪನಿಯದ್ದು. ಮುಂದೆ ನಾಲ್ಕು ಪಿಸ್ಟನ್, ಹಿಂದೆ ಎರಡು. ಬಣ್ಣ ಚಿನ್ನದ್ದು. ಆ ಬಣ್ಣ ಚಕ್ರದ ಕಡ್ಡಿಗಳ ಸಂದಿಯಲ್ಲಿ ಚೆನ್ನಾಗಿ ಕಾಣುತ್ತೆ. ಮೂರು ಸಾವಿರದಲ್ಲಿ ಎಷ್ಟು ಭಾಗ ಆ ಬಣ್ಣದ್ದು ಅಂತ ನಾನು ಅಣ್ಣನನ್ನ ಕೇಳಿದೆ. ಉತ್ತರ ಕೊಡಲಿಲ್ಲ.

ಈಗ ಎಲ್ಲರೂ ತಪ್ಪು ತಿಳಿಯೋ ಜಾಗಕ್ಕೆ ಬರೋಣ. ದೊಡ್ಡ ಬ್ರೇಕ್ ಇದ್ದರೆ ಕಾರು ಬೇಗ ನಿಲ್ಲುತ್ತೆ, ಅಲ್ವಾ? ಒಂದು ಸಲದ ಬ್ರೇಕಿಗೆ, ಇಲ್ಲ. ನೀವು ಪೆಡಲ್ ಪೂರ್ತಿ ಒತ್ತಿದಾಗ ಕಾಲ ಕೆಳಗೆ ಎಬಿಎಸ್ ಟಕಟಕ ಅನ್ನುತ್ತಲ್ಲ, ಅದರ ಅರ್ಥ ಬ್ರೇಕಿಗೆ ಇನ್ನೂ ಶಕ್ತಿ ಇದೆ, ಟೈರಿಗೆ ಹಿಡಿತ ಮುಗಿದಿದೆ ಅಂತ. ಸಾದಾ ಬ್ರೇಕ್ ಕೂಡ ಅಷ್ಟು ಶಕ್ತಿ ಕೊಡುತ್ತೆ. ಗಂಟೆಗೆ 100 ಕಿಲೋಮೀಟರ್ ವೇಗದಿಂದ, ಒಳ್ಳೆ ಟೈರು, ಒಣ ರಸ್ತೆ ಇದ್ದರೆ ಸುಮಾರು 40 ಮೀಟರ್‌ನಲ್ಲಿ ನಿಲ್ಲಬಹುದು. ಟೈರು ಹಳೇದಾಗಿ ಗಟ್ಟಿಯಾಗಿ, ಹಿಡಿತ ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಡಿಮೆ ಆಗಿದೆ ಅನ್ಕೊಳ್ಳಿ, 55 ಮೀಟರ್ ದಾಟುತ್ತೆ. ಯಾವ ಕ್ಯಾಲಿಪರ್ ಹಾಕಿದರೂ ಅಷ್ಟೇ. ಮೂರು ಸಾವಿರ ಡಾಲರ್ ಬ್ರೇಕು, ಸವೆದ ಟೈರು: ಇದು ಹೊಸ ಬೀಗ ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ.

ಹಾಗಾದರೆ ದೊಡ್ಡ ಬ್ರೇಕ್ ಯಾಕೆ? ಶಾಖಕ್ಕೆ. ಬ್ರೇಕ್ ಅಂದರೆ ಓಟವನ್ನ ಬಿಸಿಯಾಗಿ ಬದಲಾಯಿಸೋ ಯಂತ್ರ, ಅಷ್ಟೇ. ಡ್ರೈವರ್ ಸೇರಿ 1,500 ಕಿಲೋ ತೂಕದ ಕಾರು 100ರಲ್ಲಿ ಓಡ್ತಾ ಇದ್ದರೆ ಅದರ ಚಲನೆಯ ಶಕ್ತಿ ಸುಮಾರು 5.8 ಲಕ್ಷ ಜೂಲ್. ಇದು ಹೆಚ್ಚು ಕಡಿಮೆ ಎರಡು ಲೀಟರ್ ತಣ್ಣೀರನ್ನ ಕುದಿಯೋ ಮಟ್ಟಕ್ಕೆ ತರೋವಷ್ಟು. ನಾಲ್ಕು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ! ನಮ್ಮ ಮನೆ ಗ್ಯಾಸ್ ಸ್ಟವ್ ಹತ್ತು ನಿಮಿಷ ತಗೊಳ್ಳುತ್ತೆ. ವೇಗ 200 ಆದರೆ ಶಕ್ತಿ ನಾಲ್ಕು ಪಟ್ಟು. ರೇಸ್ ಟ್ರ್ಯಾಕಿನಲ್ಲಿ ಪ್ರತಿ ತಿರುವಿಗೂ ಇಂಥ ಬ್ರೇಕ್. ಡಿಸ್ಕ್ ದೊಡ್ಡದಿದ್ದರೆ ಲೋಹ ಜಾಸ್ತಿ, ಬಿಸಿ ಹೀರೋ ಜಾಗ ಜಾಸ್ತಿ, ಗಾಳಿಗೆ ಬಿಟ್ಟುಕೊಡೋ ಜಾಗವೂ ಜಾಸ್ತಿ. ಮೊದಲನೇ ಬ್ರೇಕಿನಲ್ಲಿ ಎರಡೂ ಕಾರು ಒಂದೇ. ಹತ್ತನೇ ಬ್ರೇಕಿನಲ್ಲಿ ಬ್ರೆಂಬೊ ಇನ್ನೂ ಹಾಗೇ ಇರುತ್ತೆ, ಸಾದಾದು ಸೋಲೋಕೆ ಶುರು ಮಾಡಿರುತ್ತೆ. ದುಡ್ಡು ಕೊಡೋದು ಆ ಹತ್ತನೇದಕ್ಕೆ.

ಕ್ಯಾಲಿಪರ್‌ನಲ್ಲೂ ವ್ಯತ್ಯಾಸ ಇದೆ, ಅದನ್ನ ಮುಚ್ಚಿಡಲ್ಲ. ಸಾದಾ ಕಾರಿನದು ಜಾರೋ ಕ್ಯಾಲಿಪರ್. ಪಿಸ್ಟನ್ ಒಂದೇ ಕಡೆ ಇರುತ್ತೆ, ಅದು ತಳ್ಳಿದಾಗ ಇಡೀ ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರಿ ಆಚೆ ಕಡೆ ಪ್ಯಾಡನ್ನೂ ಎಳೆದು ಒತ್ತುತ್ತೆ. ಪಿನ್ನಿಗೆ ಗ್ರೀಸ್ ಒಣಗಿದರೆ ಸಿಕ್ಕಿಹಾಕಿಕೊಳ್ಳುತ್ತೆ, ಒಂದು ಪ್ಯಾಡ್ ಸವೆದು ಇನ್ನೊಂದು ಹೊಸದರ ಹಾಗೇ ಉಳಿಯುತ್ತೆ. ಬ್ರೆಂಬೊದ್ದು ಅಲುಗದೆ ನಿಂತಿರುತ್ತೆ, ಎರಡೂ ಕಡೆಯಿಂದ ಪಿಸ್ಟನ್ ಒತ್ತುತ್ತೆ. ಪೆಡಲ್ ಗಟ್ಟಿ ಅನ್ಸುತ್ತೆ, ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತೆ ಅಂತ ಕಾಲಿಗೆ ತಿಳಿಯುತ್ತೆ. ಪ್ಯಾಡ್ ಬದಲಾಯಿಸೋಕೆ ಕ್ಯಾಲಿಪರ್ ಬಿಚ್ಚಲೇಬೇಕಿಲ್ಲ, ಎರಡು ಪಿನ್ ಹೊಡೆದು ತೆಗೆದರೆ ಮೇಲಿಂದ ಬರುತ್ತೆ. ಇನ್ನೊಂದು ಮುಖ್ಯ ಅಂಶ: ಕಂಪನಿಯೇ ಹಾಕಿರೋದರಿಂದ ಹಿಂದೆ ಮುಂದೆ ಎರಡೂ ಲೆಕ್ಕ ಕೂಡಿಸಿ ಹಾಕಿದ್ದಾರೆ. ಹೊರಗಡೆ ಕಿಟ್ ತಂದು ಮುಂದೆ ಮಾತ್ರ ದೊಡ್ಡದು ಹಾಕಿಸೋರು ಇದ್ದಾರೆ. ಮುಂದಿನ ಹಿಂದಿನ ಬ್ರೇಕಿನ ಹೊಂದಾಣಿಕೆ ಕೆಡುತ್ತೆ. ಅಂಥವರಿಗೆ ನಾನು ಕೈ ಮುಗಿದು ಹೇಳೋದು, ಬೇಡ.

ಇಲ್ಲಿವರೆಗೆ ಬ್ರೆಂಬೊನೇ ಗೆಲ್ತಾ ಇದೆ. ಆದರೆ ಅಣ್ಣ ಕಳಿಸಿದ ಎರಡನೇ ಕಾರು 2007ರದ್ದು. 2006ರಿಂದ ನಿಸ್ಸಾನ್ ಸಾದಾ ಬ್ರೇಕನ್ನೇ ದೊಡ್ಡದು ಮಾಡಿತ್ತು. ಮುಂದೆ 320, ಹಿಂದೆ 308 ಮಿಲಿಮೀಟರ್. ಬ್ರೆಂಬೊಗೂ ಅದಕ್ಕೂ ಮುಂದಿನ ಡಿಸ್ಕಿನಲ್ಲಿ ವ್ಯತ್ಯಾಸ ಮೊದಲು 28 ಮಿಲಿಮೀಟರ್ ಇದ್ದದ್ದು ಈಗ ನಾಲ್ಕು. ನಾಲ್ಕು! ಜೊತೆಗೆ 2007ರಲ್ಲಿ ಎಂಜಿನ್ ಕೂಡ ಹೊಸದು, 287 ಇದ್ದ ಹಾರ್ಸ್‌ಪವರ್ 306 ಆಯ್ತು. ಇದನ್ನ ಹೇಳಿದಾಗ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ “ಆದ್ರೂ ಬ್ರೆಂಬೊ ಬ್ರೆಂಬೊನೇ ಮಾರಾಯ” ಅಂದ.

ಇವನು ಓಡಿಸೋ ರಸ್ತೆ ಯಾವುದು ಅಂತ ಕೇಳಿದೆ. ಟ್ರ್ಯಾಕಿಗೆ ಹೋಗ್ತೀಯಾ? ಇಲ್ಲ. ವಾರದಲ್ಲಿ ಆಫೀಸು, ವಾರಾಂತ್ಯಕ್ಕೆ ಬೆಟ್ಟ. ಅವರೂರಿನ ಪಕ್ಕದಲ್ಲೇ ಪೈಕ್ಸ್ ಪೀಕ್. 4,300 ಮೀಟರ್ ಎತ್ತರದ ತುದಿಯವರೆಗೂ ಟಾರು ರಸ್ತೆ. ಇಳಿದು ಬರೋವಾಗ ಗ್ಲೆನ್ ಕೋವ್ ಅನ್ನೋ ಜಾಗದಲ್ಲಿ ರೇಂಜರ್‌ಗಳು ಕಾರು ನಿಲ್ಲಿಸಿ, ಬ್ರೇಕಿಗೆ ಒಂದು ಥರ್ಮಾಮೀಟರ್ ಗನ್ ಹಿಡಿದು ಎಷ್ಟು ಬಿಸಿ ಆಗಿದೆ ನೋಡ್ತಾರೆ. ಜಾಸ್ತಿ ಕಾದಿದ್ದರೆ ಪಕ್ಕಕ್ಕೆ ಹಾಕಿಸಿ ತಣ್ಣಗಾಗೋವರೆಗೂ ಬಿಡಲ್ಲ. ತುದಿಯಿಂದ ಅಲ್ಲಿಗೆ ಸುಮಾರು 800 ಮೀಟರ್ ಇಳಿಜಾರು. ಅಷ್ಟು ಇಳಿದಾಗ ಆ 1,500 ಕಿಲೋ ಕಾರು ಬಿಟ್ಟುಕೊಡೋ ಶಕ್ತಿ 100ರಿಂದ ಇಪ್ಪತ್ತು ಸಲ ನಿಲ್ಲಿಸಿದಷ್ಟು. ಸ್ವಲ್ಪ ಗಾಳಿಗೆ ಹೋಗುತ್ತೆ, ಸ್ವಲ್ಪ ಎಂಜಿನ್‌ಗೆ. ಗೇರ್ ಇಳಿಸದೆ ಬಂದರೆ ಉಳಿದದ್ದೆಲ್ಲ ಡಿಸ್ಕಿಗೆ.

ಇದು ನನಗೆ ಪುಸ್ತಕದ ಮಾತಲ್ಲ. ಎಂಟನೇ ಕ್ಲಾಸಿನಲ್ಲಿದ್ದಾಗ ಧರ್ಮಸ್ಥಳಕ್ಕೆ ಹೊರಟು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳೀತಾ ಇದ್ವಿ. ಮುಂದೆ ಒಂದು ಲಾರಿ. ಅಪ್ಪ ಉದ್ದಕ್ಕೂ ಬ್ರೇಕ್ ಮೇಲೇ ಕಾಲು. ಕೆಳಗಿನ ತಿರುವುಗಳಿಗೆ ಬರೋ ಹೊತ್ತಿಗೆ ಅಪ್ಪ “ಅಯ್ಯೋ” ಅಂದಿದ್ದು ಮಾತ್ರ ಕೇಳಿಸ್ತು. ಪೆಡಲ್ ನೆಲ ಮುಟ್ಟಿತ್ತು. ಹ್ಯಾಂಡ್ ಬ್ರೇಕ್ ಎಳೆದು, ಮೊದಲನೇ ಗೇರಿಗೆ ಹಾಕಿ, ಗುಡ್ಡದ ಕಡೆ ಚರಂಡಿಗೆ ಇಳಿಸಿದರು. ಅಮ್ಮ ನನ್ನ ಕೈ ಹಿಡಿದಿದ್ದು ಅರ್ಧ ಗಂಟೆ ಬಿಡಲಿಲ್ಲ. ಉಜಿರೆಯಲ್ಲಿ ಮೆಕ್ಯಾನಿಕ್ ಬ್ರೇಕ್ ಆಯಿಲ್ ಇಳಿಸಿ ತೋರಿಸಿದ: ಕಷಾಯದ ಬಣ್ಣ. ಕಾರು ಕೊಂಡ ಎಂಟು ವರ್ಷದಲ್ಲಿ ನಾವು ಅದನ್ನ ಒಂದು ಸಲವೂ ಬದಲಾಯಿಸಿರಲಿಲ್ಲ. ತಪ್ಪು ನಮ್ಮದೇ.

ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಅನ್ನೋದು ನಿಯಮ. ನೂರಕ್ಕೆ 3.7 ಭಾಗ ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಬರುತ್ತೆ. ಡಾಟ್ 3 ಆದರೆ 205, ನೀರು ಸೇರಿದರೆ 140. ಕುದ್ದರೆ ಪೈಪಿನಲ್ಲಿ ಗುಳ್ಳೆ. ನೀವು ಒತ್ತಿದ್ದು ಗುಳ್ಳೆಯನ್ನ ಕುಗ್ಗಿಸೋಕೇ ಖರ್ಚಾಗುತ್ತೆ, ಪ್ಯಾಡಿನವರೆಗೂ ಹೋಗಲ್ಲ. ಇನ್ನೊಂದು ಬಗೆ ಇದೆ, ಪ್ಯಾಡೇ ಕಾದು ಹಿಡಿತ ಬಿಡೋದು. ಅದರಲ್ಲಿ ಪೆಡಲ್ ಗಟ್ಟಿಯಾಗೇ ಇರುತ್ತೆ, ಕಾರು ಮಾತ್ರ ನಿಲ್ಲಲ್ಲ. ಮೊದಲನೇದಕ್ಕೆ ನಾಲ್ಕು ಪಿಸ್ಟನ್ ಇದ್ದರೂ ಒಂದೇ, ನಲವತ್ತು ಇದ್ದರೂ ಒಂದೇ.

ಇಲ್ಲಿ ಒಂದು ಸಣ್ಣ ಕಥೆ ಸೇರಿಸ್ತೀನಿ, ಕಾಮರ್ಸ್ ಓದಿದವರಿಗೆ ಇಷ್ಟ ಆಗುತ್ತೆ. ಪೋರ್ಷೆ 2001ರಲ್ಲಿ 911 ಜಿಟಿ2 ಜೊತೆ ಸೆರಾಮಿಕ್ ಬ್ರೇಕ್ ತಂದಿತು. ಡಿಸ್ಕಿನ ತೂಕ ಕಬ್ಬಿಣದ್ದಕ್ಕೆ ಹೋಲಿಸಿದರೆ ಅರ್ಧದಷ್ಟು, ಕ್ಯಾಲಿಪರ್ ಹಳದಿ. ಕೆಲವು ವರ್ಷದ ಹಿಂದೆ 911ಗಳಲ್ಲಿ ಈ ಆಯ್ಕೆಗೆ ಸುಮಾರು 9,000 ಡಾಲರ್ ಇತ್ತು. ಟ್ರ್ಯಾಕಿಗೆ ಪದೇ ಪದೇ ಹೋಗೋ ಕೆಲವು ಮಾಲೀಕರು ಏನು ಮಾಡ್ತಾರೆ ಗೊತ್ತಾ? ಆ ಡಿಸ್ಕ್ ಸವೆದರೆ ಬದಲಿಸೋ ಖರ್ಚು ನೆನೆದು, ಅದನ್ನ ಬಿಚ್ಚಿ ಅಟ್ಟದ ಮೇಲಿಟ್ಟು, ಕಬ್ಬಿಣದ್ದು ಹಾಕಿಸಿ ಓಡಿಸ್ತಾರೆ. ಮಾರೋವಾಗ ಮತ್ತೆ ಸೆರಾಮಿಕ್. ಮದುವೆ ಪಟ್ಟೆಸೀರೆ ಹಾಗೆ.

ಸರಿ, ಅಣ್ಣನ ವಿಷಯಕ್ಕೆ ಬರ್ತೀನಿ. ಇಬ್ಬರೂ ಮಾರಾಟಗಾರರಿಗೆ ಎರಡೇ ಪ್ರಶ್ನೆ ಕಳಿಸು ಅಂದೆ. ಬ್ರೇಕ್ ಆಯಿಲ್ ಕೊನೇ ಸಲ ಯಾವಾಗ ಬದಲಾಯಿಸಿದ್ದು? ಟೈರಿನ ಮೇಲಿರೋ ತಯಾರಿಕೆ ವಾರ, ವರ್ಷ ಏನು? 2007ರ ಕಾರಿನವರು ಆಯಿಲ್ ಬದಲಾಯಿಸಿದ ರಸೀದಿಯ ಫೋಟೋ ಕಳಿಸಿದರು, ಹದಿನಾಲ್ಕು ತಿಂಗಳ ಹಿಂದಿನದು. ಟೈರು ಮಾತ್ರ ಏಳು ವರ್ಷದ್ದು ಅಂತ ಅವರೇ ಒಪ್ಪಿಕೊಂಡರು. ಟ್ರ್ಯಾಕ್ ಕಾರಿನವರು ಚಿನ್ನದ ಕ್ಯಾಲಿಪರ್‌ನ ಇನ್ನೂ ನಾಲ್ಕು ಫೋಟೋ ಕಳಿಸಿದರು, ಪ್ರಶ್ನೆಗೆ ಉತ್ತರ ಇಲ್ಲ. ಆ ಫೋಟೋದಲ್ಲೇ ಡಿಸ್ಕಿನ ಅಂಚಿನಲ್ಲಿ ಸವೆದ ಏಣು ಕಾಣ್ತಾ ಇತ್ತು.

ಅಣ್ಣ 2007ರದ್ದು ತಗೊಂಡ. ಉಳಿದ ದುಡ್ಡಿನಲ್ಲಿ ನಾಲ್ಕು ಹೊಸ ಟೈರು, ಒಳ್ಳೆ ಪ್ಯಾಡು, ಹೊಸ ಡಾಟ್ 4, ಜಾರೋ ಪಿನ್ನುಗಳಿಗೆ ಗ್ರೀಸು. ಇಷ್ಟಾದ ಮೇಲೂ ಅರ್ಧಕ್ಕಿಂತ ಜಾಸ್ತಿ ಉಳೀತು. ಅವನು ವರ್ಷಕ್ಕೆ ನಾಲ್ಕು ಸಲ ಟ್ರ್ಯಾಕಿಗೆ ಹೋಗೋನಾಗಿದ್ದು, ಆ ಇನ್ನೊಂದು ಕಾರನ್ನ ಚೆನ್ನಾಗಿ ನೋಡ್ಕೊಂಡಿದ್ದಿದ್ದರೆ, ನಾನೇ ಮೂರು ಸಾವಿರ ಕೊಡು ಅಂತಿದ್ದೆ.

ಹೋದ ವಾರ ಪೈಕ್ಸ್ ಪೀಕ್‌ನಿಂದ ಮೆಸೇಜ್ ಬಂತು. ಎರಡನೇ ಗೇರಿನಲ್ಲಿ ಇಳಿದನಂತೆ. ರೇಂಜರ್ ಗನ್ ಹಿಡಿದು ನೋಡಿ, ಕೈ ಬೀಸಿ ಹೋಗು ಅಂದರಂತೆ. ಅದರ ಕೆಳಗೆ ಇನ್ನೊಂದು ಸಾಲು: “ಸಾದಾ ಕ್ಯಾಲಿಪರ್‌ಗೆ ಚಿನ್ನದ ಬಣ್ಣ ಹೊಡೆಸಿದ್ರೆ ಎಷ್ಟಾಗಬಹುದು?”