ಹಿರಿಯರ ಉದ್ಯಮ: ಮತ್ತೆ ಮತ್ತೆ ಕೇಳಬೇಕು

(ಶ್ರೀನಿವಾಸಪುರ ತಾಲ್ಲೂಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಸುಗ್ಗಿಯ ಕಾಲದಲ್ಲಿ ನಾನು ಪಟ್ಟಿ ಹಿಡಿದು ಮನೆಮನೆಗೆ ಬಂದದ್ದು ತಮಗೆ ನೆನಪಿರಬಹುದು. ಅರವತ್ತು ದಾಟಿದವರು ಏನು ಕಸುಬು ಮಾಡುತ್ತಾರೆಂದು ಬರೆದುಕೊಳ್ಳುವುದು ಅಂದಿನ ಕೆಲಸ. ಒಬ್ಬ ಅಜ್ಜಿಯನ್ನು ಕೇಳಿದೆ. "ನನಗೇನು ಕಸುಬಪ್ಪ, ಮನೇಲಿ ಕೂತಿದ್ದೀನಿ" ಎಂದರು. ನಾನೂ 'ಕಸುಬಿಲ್ಲ' ಎಂದು ಬರೆದುಕೊಂಡು ಎದ್ದೆ. ಎರಡನೆಯ ಸಲ ಹೋದಾಗ ಜಗಲಿಯ ಮೇಲೆ ಹುಣಿಸೆಹಣ್ಣಿನ ರಾಶಿ! ಮರಗಳನ್ನು ಗುತ್ತಿಗೆಗೆ ಹಿಡಿದು, ಬೀಜ ಬಿಡಿಸಲು ನಾಲ್ವರು ಹೆಂಗಸರಿಗೆ ಕೂಲಿ ಕೊಟ್ಟು, ತೂಕ ಹಾಕಿಸಿ ಸಂತೆಗೆ ಕಳುಹಿಸುತ್ತಿದ್ದವರು ಅದೇ ಅಜ್ಜಿ. ಲೆಕ್ಕವೆಲ್ಲ ಬಾಯಲ್ಲೇ. ಇದು ಉದ್ಯಮವಲ್ಲದೆ ಮತ್ತೇನು? ತಪ್ಪು ಅವರದಲ್ಲ, ಒಂದೇ ಸಲ ಕೇಳಿ ಎದ್ದುಬಂದ ನನ್ನದು.

ಅಂದಿನಿಂದ ಪ್ರಶ್ನೆಯನ್ನೇ ಬದಲಾಯಿಸಿದೆ. "ಈ ವರ್ಷ ಯಾವುದಕ್ಕೆ ದುಡ್ಡು ಹಾಕಿದಿರಿ? ಯಾರಿಗೆ ಮಾರಿದಿರಿ? ನಷ್ಟವಾದರೆ ಯಾರ ತಲೆಯ ಮೇಲೆ?" ಎಂದು ಕೇಳುತ್ತೇನೆ. ಕೋಲಾರ, ಮಾಲೂರು, ಮುಳಬಾಗಿಲಿನಲ್ಲಿ ನನ್ನ ಜೊತೆಯವರೂ ಹೀಗೆಯೇ ಕೇಳುತ್ತಿದ್ದಾರೆ. ಮುಳಬಾಗಿಲಿನ ಕಡೆ ಒಬ್ಬ ಹಿರಿಯರು ರೇಷ್ಮೆ ಮೊಟ್ಟೆ ತಂದು, ಹುಳು ಎರಡನೆಯ ಜ್ವರದಿಂದ ಏಳುವ ತನಕ ಸಾಕಿ, ಚಾಕಿ ಹುಳುಗಳನ್ನು ಬೇರೆ ರೈತರಿಗೆ ಮಾರುತ್ತಾರೆ. ಎಳೆಯ ಹುಳುವಿಗೆ ಹದವಾದ ಬಿಸಿ, ತೇವ, ಎಳೆ ಸೊಪ್ಪು ಬೇಕು. ಈ ಹದ ಓದಿ ಬರುವಂಥದಲ್ಲ. ಡಿಪ್ಲೊಮಾ ಓದಿದ ನಾನೇ ಹೇಳುತ್ತೇನೆ. ಆದರೆ ಕಾಗದದಲ್ಲಿ ಎಲ್ಲವೂ ಮಗನ ಹೆಸರಿನಲ್ಲಿದೆ!

ಹೆಸರಿಲ್ಲದಿದ್ದರೇನು ಎನ್ನಬಹುದು. ಮುಖ್ಯಮಂತ್ರಿಗಳ ಉದ್ಯೋಗ ಸೃಜನ ಯೋಜನೆಯ ನಿಯಮದಲ್ಲಿ ಸಾಮಾನ್ಯ ವರ್ಗಕ್ಕೆ 35, ವಿಶೇಷ ವರ್ಗಕ್ಕೆ 45 ವರ್ಷವೆಂದು ಮಿತಿ ಹಾಕಿದ್ದರು. 2008ರಲ್ಲಿ ಬಂದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಾದರೋ 18 ತುಂಬಿದ್ದರೆ ಸಾಕು, ಮೇಲ್ಮಿತಿ ಇಟ್ಟಿರಲಿಲ್ಲ. ವಯಸ್ಸಾದವರು ಹೊಸದಾಗಿ ಏನನ್ನೂ ತೊಡಗುವುದಿಲ್ಲವೆಂದು ಪಟ್ಟಿಗಳು ಹೇಳುತ್ತಿದ್ದರೆ, ಮಿತಿ ಹಾಕುವವರನ್ನು ತಡೆಯುವವರು ಯಾರು?

"ಪುನಃ ಯಾಕೆ ಬಂದೆ?" ಎಂದು ಬೇಸರಪಡುವವರೂ ಉಂಟು. ಅವರಿಗೆ ನಮ್ಮ ತಾಲ್ಲೂಕಿನದೇ ದೃಷ್ಟಾಂತ ಹೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಒಂದು ಅಧ್ಯಯನ ಆರಂಭಿಸಿದರು. 45 ವರ್ಷ ದಾಟಿದ 10,000 ಮಂದಿಯನ್ನು ಸೇರಿಸಿಕೊಳ್ಳುವುದು ಗುರಿ. ನೆನಪಿನ ಶಕ್ತಿ, ರಕ್ತ, ಮಿದುಳಿನ ಚಿತ್ರ, ಎಲ್ಲವನ್ನೂ ಪರೀಕ್ಷಿಸುತ್ತಾರೆ. ಅದೇ ಜನರನ್ನೇ ಕಾಲಕಾಲಕ್ಕೆ ಮತ್ತೆ ಕರೆಯುತ್ತಾರೆ. ಮರೆವಿನ ರೋಗ ಒಂದು ರಾತ್ರಿಯಲ್ಲಿ ಬರುವುದಿಲ್ಲವಷ್ಟೆ. ಒಮ್ಮೆ ನೋಡಿದರೆ ಈ ಹೊತ್ತು ಹೇಗಿದ್ದಾರೆಂದು ಮಾತ್ರ ತಿಳಿಯುತ್ತದೆ. ಯಾರು ಕುಗ್ಗಿದರು, ಯಾರು ಹಾಗೆಯೇ ಉಳಿದರು ಎಂಬುದು ತಿಳಿಯಲು ವರ್ಷಗಳು ಬೇಕು.

ಅದು ಮಿದುಳಿನ ವಿಚಾರ, ವ್ಯಾಪಾರದ್ದಲ್ಲ, ನಿಜ. ಆದರೆ ವ್ಯಾಪಾರವೂ ಒಂದು ವರ್ಷದಲ್ಲಿ ಗುಟ್ಟು ಬಿಟ್ಟುಕೊಡುವುದಿಲ್ಲ. ಮಾವಿನ ಕಸಿ ಸಸಿ ಮಾರುವವರಿಗೆ ಮಳೆ ಬಂದ ವರ್ಷ ಗಿರಾಕಿ, ಬಾರದ ವರ್ಷ ಸಸಿಗಳು ಚೀಲದಲ್ಲೇ ಉಳಿಯುತ್ತವೆ. ಗೆದ್ದವರು ಕರೆದು ಕೂರಿಸಿ ಹೇಳುತ್ತಾರೆ. ಕೈಸುಟ್ಟುಕೊಂಡು ನಿಲ್ಲಿಸಿದವರು ನನ್ನನ್ನು ಕಂಡರೆ ಒಳಗೆ ಹೋಗುತ್ತಾರೆ. ಗೆದ್ದವರದನ್ನಷ್ಟೇ ಬರೆದರೆ, ಅದನ್ನು ನಂಬಿ ನಾಳೆ ಇನ್ನೊಬ್ಬ ಹಿರಿಯರು ಕೂಡಿಟ್ಟ ಹಣ ಕಳೆದುಕೊಂಡಾರು. ನಿಲ್ಲಿಸಿದವರ ಮಾತೇ ನನಗೆ ಹೆಚ್ಚು ಬೇಕು.

ಸೋಮವಾರದಿಂದ ಮತ್ತೆ ಬರುತ್ತೇನೆ. ಸಾಲದ ಪುಸ್ತಕ ಕೇಳುವುದಿಲ್ಲ. ಹೆಸರು ಬೇಡವೆಂದರೆ ಬರೆಯುವುದಿಲ್ಲ. ಮೊದಲು ಹುಣಿಸೆಹಣ್ಣಿನ ಅಜ್ಜಿಯ ಮನೆ. ಅವರ ಲೆಕ್ಕ ಇನ್ನೂ ಅರ್ಧಕ್ಕೇ ನಿಂತಿದೆ.