ಮಿತವ್ಯಯ ಕೊರತೆಯಲ್ಲ



ಮಿತವಾಗಿ ಬದುಕುವುದೆಂದರೆ ಬೇಕಾದುದನ್ನು ಬಿಟ್ಟು ಕೊರಗುವುದಲ್ಲ. ಇರುವುದನ್ನು ಪೂರ್ಣವಾಗಿ ಬಳಸುವುದು. ಮಲೆನಾಡಿನ ಅಡುಗೆಮನೆಯೇ ಇದಕ್ಕೆ ಸಾಕ್ಷಿ. ಹಲಸಿನ ಎಳೆಗಾಯಿ ಪಲ್ಯವಾಗುತ್ತದೆ, ಬಲಿತ ತೊಳೆ ಹಪ್ಪಳವಾಗುತ್ತದೆ, ಹಣ್ಣು ಕಡುಬಾಗುತ್ತದೆ. ಬೀಜವು ಕೆಮ್ಮಣ್ಣು ಸವರಿಸಿಕೊಂಡು ಮಳೆಗಾಲದ ಹುಳಿಗೆ ಕಾದಿರುತ್ತದೆ. ಸಿಪ್ಪೆ ಕೊಟ್ಟಿಗೆಯ ಪಾಲು. ಹಿತ್ತಿಲಿನ ಒಂದೆಲಗವನ್ನು ಕಾಯಿತುರಿಯೊಡನೆ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ ಸಿದ್ಧ. ಈ ಊಟದಲ್ಲಿ ಬಡತನದ ರುಚಿಯಿಲ್ಲ.

ಆದರೆ ಒಂದು ಎಚ್ಚರ ಅಗತ್ಯ. ಮನೆಯ ಮಿತವ್ಯಯವೆಲ್ಲ ಹೆಂಗಸರ ತಲೆಯ ಮೇಲೆ ಸೌದೆಹೊರೆಯಾಗಿ, ಕಣ್ಣಿನಲ್ಲಿ ಹೊಗೆಯಾಗಿ ಕುಳಿತರೆ ಅದು ಸರಳತೆಯಲ್ಲ, ಅನ್ಯಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಒಲೆ ಬೇರೊಂದು ದಾರಿ ತೋರಿತು. ಬೆಂಕಿಯ ಶಾಖ ಪಾತ್ರೆಗೇ ತಗಲುವಂತೆ, ಹೊಗೆ ಕೊಳವೆಯಿಂದ ಹೊರಹೋಗುವಂತೆ ಮಾಡಿ, ಅದು ಸೌದೆಯನ್ನೂ ಶ್ರಮವನ್ನೂ ಒಟ್ಟಿಗೆ ಉಳಿಸಿತು. ಕಾಡಿಗೂ ಹಿತ, ಕಣ್ಣಿಗೂ ಹಿತ.

ಹಪ್ಪಳ ಒತ್ತುವ ಕೈ, ಸೌದೆ ಹೊರುವ ತಲೆ ಸದಾ ಒಬ್ಬರದೇ ಆಗಬಾರದು. ಉಳಿತಾಯದ ದುಡಿಮೆಯನ್ನು ಮನೆಮಂದಿಯೆಲ್ಲ ಹಂಚಿಕೊಂಡರೆ ‘ಸಾಕು’ ಎಂಬ ಮಾತು ತೃಪ್ತಿಯಿಂದ ಹೊರಡುತ್ತದೆ. ಇಲ್ಲವಾದರೆ ಅದೇ ಮಾತು ದಣಿವಿನಿಂದ ಹೊರಡುತ್ತದೆ.